ಊರಲ್ಲಿ ಉಳಿದ ಹಿರಿಯರಿಗಾಗಿ ಒಂದು ಸಣ್ಣ ಉದ್ಯಮ: ಎಲ್ಲಿಂದ ಶುರು ಮಾಡಬೇಕು, ಹೇಗೆ ನಡೆಸಬೇಕು

ಸಾಗರ, ಸಿದ್ದಾಪುರ, ಹೊಸನಗರ, ತೀರ್ಥಹಳ್ಳಿ. ಮಲೆನಾಡಿನ ಯಾವ ತಾಲ್ಲೂಕಿಗೆ ಹೋದರೂ ಇಂಥ ಮನೆಗಳು ಸಿಗುತ್ತವೆ. ತೋಟ ಇದೆ, ದೊಡ್ಡ ಮನೆ ಇದೆ, ಒಳಗೆ ಇರುವವರು ಇಬ್ಬರೇ. ಕೆಲವು ಕಡೆ ಒಬ್ಬರೇ. ಮಗ ಬೆಂಗಳೂರಲ್ಲಿ, ಮಗಳು ಪುಣೆಯಲ್ಲೋ ಅಮೆರಿಕದಲ್ಲೋ. ದುಡ್ಡಿಗೆ ತೊಂದರೆ ಇಲ್ಲ. ಆದರೆ ಬಿ.ಪಿ. ಮಾತ್ರೆ ಮುಗಿದರೆ ತಂದುಕೊಡುವವರಿಲ್ಲ. ಬಚ್ಚಲಿನ ಬಲ್ಬ್ ಹೋದರೆ ಹಾಕುವವರಿಲ್ಲ. ಶಿವಮೊಗ್ಗದ ಡಾಕ್ಟರ್ ಹತ್ತಿರ ಹೋಗಬೇಕೆಂದರೆ ಮಗನಿಗೆ ರಜೆ ಸಿಗುವ ತನಕ ಕಾಯಬೇಕು.

ಇಂಥ ಮನೆಗಳು ಮುಂದೆ ಇನ್ನೂ ಜಾಸ್ತಿ ಆಗಲಿವೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ 2023ರಲ್ಲಿ ಒಂದು ವರದಿ ಕೊಟ್ಟವು. ಅದರ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 60 ದಾಟಿದವರು 14.9 ಕೋಟಿ, ಅಂದರೆ ನೂರಕ್ಕೆ 10.5. 2050ರ ಹೊತ್ತಿಗೆ ಅದು 34.7 ಕೋಟಿ, ನೂರಕ್ಕೆ 20.8. ದಕ್ಷಿಣದ ರಾಜ್ಯಗಳಲ್ಲಿ ಮಕ್ಕಳು ಕಡಿಮೆಯಾಗಿ ಬಹಳ ವರ್ಷ ಆಯಿತು. ಹಾಗಾಗಿ ಈ ಬದಲಾವಣೆ ನಮ್ಮ ಕಡೆ ಮೊದಲು ಕಾಣುತ್ತದೆ.

ತಾಲ್ಲೂಕು ಪೇಟೆಯಲ್ಲೇ ಇದ್ದುಕೊಂಡು, ಒಂದು ಬೈಕು, ಒಂದು ಫೋನು, ಸ್ವಲ್ಪ ಕೈಗಾಸು ಇಟ್ಟುಕೊಂಡು ಇಂಥ ಮನೆಗಳಿಗೆ ಸೇವೆ ಕೊಡುವ ಉದ್ಯಮ ಶುರು ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ದುಡ್ಡು ಕೊಡುವವರು ಮಕ್ಕಳು, ಸೇವೆ ಪಡೆಯುವವರು ಅಪ್ಪ ಅಮ್ಮ. ಮಕ್ಕಳನ್ನು ಮೆಚ್ಚಿಸಿ ಅಪ್ಪ ಅಮ್ಮನ ನಂಬಿಕೆ ಕಳೆದುಕೊಂಡರೆ ಎರಡೇ ತಿಂಗಳಲ್ಲಿ ಬಾಗಿಲು ಮುಚ್ಚಬೇಕಾಗುತ್ತದೆ. ಕೆಳಗೆ ಹೇಳಿದ್ದೆಲ್ಲ ಈ ಒಂದು ವಿಷಯವನ್ನು ಕಾಪಾಡಿಕೊಳ್ಳುವ ದಾರಿಗಳು.

ಹೆಜ್ಜೆ 1: ಸುತ್ತಳತೆ ಗೊತ್ತು ಮಾಡಿ, ಮನೆಗಳನ್ನು ಹುಡುಕಿ

ಇಡೀ ತಾಲ್ಲೂಕಿಗೆ ಕೈಹಾಕಬೇಡಿ. ಪೇಟೆಯಿಂದ 12–15 ಕಿಲೋಮೀಟರ್ ಒಳಗಿನ ಎರಡು ಮೂರು ರಸ್ತೆ ಸಾಕು. ಒಂದು ರಸ್ತೆಯಲ್ಲಿ ಐದಾರು ಮನೆ ಸಿಕ್ಕರೆ ಕೆಲಸ ಗಿಟ್ಟುತ್ತದೆ. ಐದು ದಿಕ್ಕಿಗೆ ಒಂದೊಂದು ಮನೆ ಇದ್ದರೆ ಬರೀ ಪೆಟ್ರೋಲ್ ಸುಡುತ್ತೀರಿ.

ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುವವರು ಊರಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಪೋಸ್ಟ್‌ಮ್ಯಾನ್, ಆಶಾ ಕಾರ್ಯಕರ್ತೆ, ಹಾಲಿನ ಡೈರಿಯ ಕಾರ್ಯದರ್ಶಿ, ಸೊಸೈಟಿಯ ಗುಮಾಸ್ತರು, ಮೆಡಿಕಲ್ ಶಾಪಿನವರು. ಅವರ ಹತ್ತಿರ ಕೂತು ಮಾತಾಡಿ. ಹೆಸರು, ಕಾಯಿಲೆ ಕೇಳುವುದು ಬೇಡ. ‘ಈ ಕಡೆ ಇಬ್ಬರೇ ಇರುವ ಮನೆ ಎಷ್ಟಿವೆ’ ಅಂತ ಕೇಳಿದರೆ ಸಾಕು. ಆಮೇಲೆ ಆ ಮನೆಗಳಿಗೆ ಊರಿನ ಪರಿಚಯದವರೊಬ್ಬರ ಜೊತೆ ಹೋಗಿ. ಒಬ್ಬರೇ ಹೋಗಿ ಗೇಟು ತಟ್ಟಿದರೆ ಲೋನ್ ವಸೂಲಿಗೆ ಬಂದವರು ಅಂದುಕೊಳ್ಳುತ್ತಾರೆ.

ಅಲ್ಲಿ ಏನು ಕೇಳಬೇಕು ಅನ್ನುವುದು ಮುಖ್ಯ. ‘ನಿಮಗೆ ಏನು ಸಹಾಯ ಬೇಕು?’ ಅಂತ ಕೇಳಿದರೆ ಬರುವ ಉತ್ತರ ಒಂದೇ. ‘ನಂಗೇನೂ ಬೇಡಪ್ಪ, ದೇವರು ನಡೆಸ್ತಾನೆ.’ ಅದರ ಬದಲು ಆಗಿಹೋದದ್ದನ್ನು ಕೇಳಿ. ಕೊನೆಯ ಸಲ ಪೇಟೆಗೆ ಹೋಗಿದ್ದು ಯಾವಾಗ? ಯಾರ ಜೊತೆ? ಮಾತ್ರೆ ತರಿಸಿದ್ದು ಹೇಗೆ? ಕರೆಂಟ್ ಬಿಲ್ ಯಾರು ಕಟ್ಟಿದರು? ಮಳೆಗಾಲದಲ್ಲಿ ಹುಷಾರಿಲ್ಲದಾಗ ಏನು ಮಾಡಿದಿರಿ? ಇಷ್ಟು ಕೇಳಿದರೆ ಕಥೆ ತಾನಾಗಿ ಬರುತ್ತದೆ. ಆಟೋದವನಿಗೆ ಕೊಟ್ಟ ದುಡ್ಡು, ಪಕ್ಕದ ಮನೆಯ ಹುಡುಗನನ್ನು ಕೇಳಲು ಪಟ್ಟ ಸಂಕೋಚ, ಎರಡು ದಿನ ಮಾತ್ರೆ ಇಲ್ಲದೆ ಕಳೆದದ್ದು, ಎಲ್ಲ ಹೊರಬರುತ್ತದೆ. ನೀವು ಕೊಡಬೇಕಾದ ಸೇವೆಯ ಪಟ್ಟಿ ಅಲ್ಲೇ ಇರುತ್ತದೆ.

ಮೂವತ್ತು ಮನೆಗಳನ್ನಾದರೂ ಹೀಗೆ ನೋಡಿ. ಪುಸ್ತಕದಲ್ಲಿ ಬರೆದುಕೊಳ್ಳಿ. ಅದಕ್ಕೆ ಮುಂಚೆ ಸಂಸ್ಥೆಗೆ ಹೆಸರಿಡುವುದು, ಲೋಗೋ ಮಾಡಿಸುವುದು ಯಾವುದೂ ಬೇಡ.

ಹೆಜ್ಜೆ 2: ಮೂರೇ ಸೇವೆ ಇಟ್ಟುಕೊಳ್ಳಿ

ನನ್ನ ಪ್ರಕಾರ ಶುರುವಿಗೆ ಈ ಮೂರು ಸಾಕು.

ಒಂದು, ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಮನೆಗೆ ಭೇಟಿ. ಮಾತ್ರೆ ಎಷ್ಟು ದಿನಕ್ಕಿದೆ ನೋಡುವುದು, ಸಾಮಾನು ತಂದುಕೊಡುವುದು, ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಫೋನಿನಲ್ಲಿ ಏನಾದರೂ ಗೊತ್ತಾಗದೆ ಸಿಕ್ಕಿಕೊಂಡಿದ್ದರೆ ಸರಿಮಾಡಿಕೊಡುವುದು. ಮುಖ್ಯವಾಗಿ ಹತ್ತು ನಿಮಿಷ ಕೂತು ಮಾತಾಡುವುದು. ಮಂಗಳವಾರ ಹತ್ತೂವರೆಗೆ ಬರುತ್ತೇನೆ ಅಂದಮೇಲೆ ಮಂಗಳವಾರ ಹತ್ತೂವರೆಗೇ ಹೋಗಬೇಕು. ಒಬ್ಬರೇ ಇರುವವರು ಆ ಹೊತ್ತಿಗೆ ಕಾಯುತ್ತಾರೆ. ಬರಲು ಆಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ. ಈ ಒಂದು ಶಿಸ್ತಿನ ಮೇಲೆ ಇಡೀ ಉದ್ಯಮ ನಿಂತಿದೆ.

ಎರಡು, ಆಸ್ಪತ್ರೆಗೆ ಜೊತೆ ಹೋಗುವುದು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಟೋಕನ್, ರಕ್ತ ಪರೀಕ್ಷೆ, ರಿಪೋರ್ಟ್, ಮತ್ತೆ ಡಾಕ್ಟರ್ ಅಂತ ಸಂಜೆ ಆಗುತ್ತದೆ. ಹಳೆಯ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಡಾಕ್ಟರಿಗೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹಿಂದಿನ ದಿನವೇ ಅವರಿಂದಲೇ ಕೇಳಿ ಬರೆದುಕೊಳ್ಳಿ. ಒಳಗೆ ಹೋದಾಗ ಮಾತು ಅವರೇ ಆಡಲಿ. ಡಾಕ್ಟರ್ ನಿಮ್ಮ ಮುಖ ನೋಡಿ ಮಾತಾಡಲು ಶುರು ಮಾಡಿದರೆ, ‘ಅಮ್ಮಂಗೇ ಹೇಳಿ ಸರ್’ ಅನ್ನಿ. ಇದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳಬೇಡಿ, ದಿನದ ಲೆಕ್ಕ ಇಡಿ. ಗಂಟೆ ಲೆಕ್ಕ ಅಂದರೆ ಹಿರಿಯರು ಗಡಿಯಾರ ನೋಡುತ್ತಾ ಕೂರುತ್ತಾರೆ. ಕಾಫಿ ಕುಡಿಯಲೂ ಒಪ್ಪುವುದಿಲ್ಲ.

ಮೂರು, ಮನೆಯೊಳಗೆ ಬೀಳದಂತೆ ಮಾಡಿಕೊಡುವ ಕೆಲಸ. ಅದನ್ನು ಮುಂದಿನ ಹೆಜ್ಜೆಯಲ್ಲಿ ವಿವರವಾಗಿ ಹೇಳುತ್ತೇನೆ.

ಪಿಂಚಣಿಯವರ ಜೀವನ ಪ್ರಮಾಣ ಪತ್ರದ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಅಂತ ಕೊಡುವ ಪುರಾವೆಯ ಕೆಲಸವೂ ಈ ಸೇವೆಯ ಜೊತೆಗೇ ಬರುತ್ತದೆ. 2014ರ ನವೆಂಬರಿನಲ್ಲಿ ಡಿಜಿಟಲ್ ‘ಜೀವನ್ ಪ್ರಮಾಣ್’ ಶುರುವಾಯಿತು. ಸರ್ಕಾರಿ ಪಿಂಚಣಿದಾರರು ನವೆಂಬರಿನಲ್ಲಿ ಇದನ್ನು ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿಯಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿ.ಎಫ್. ಪಿಂಚಣಿಯವರು ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ಊರ್ಜಿತ. ತೋಟದಲ್ಲಿ ದುಡಿದ ಕೈಗಳ ಬೆರಳಚ್ಚು ಯಂತ್ರಕ್ಕೆ ಸಿಗುವುದು ಕಷ್ಟ. ಅದಕ್ಕೇ ಮುಖ ಗುರುತಿಸುವ ಆ್ಯಪ್ ಅನುಕೂಲ. ಆಧಾರ್, ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಬ್ಯಾಂಕ್ ಖಾತೆಯ ವಿವರ, ಫೋನ್ ನಂಬರ್ ಸಿದ್ಧವಿರಲಿ. ಮುಖದ ಮೇಲೆ ಬೆಳಕು ಬೀಳುವಂತೆ ಜಗಲಿಯಲ್ಲಿ ಕೂರಿಸಿ. ನಡುಮನೆಯ ಕತ್ತಲಲ್ಲಿ ಕೆಲಸ ಆಗುವುದಿಲ್ಲ, ನೆಟ್‌ವರ್ಕೂ ಸಿಗುವುದಿಲ್ಲ. ಅವರಿಗೆ ಪಿಂಚಣಿ ಕೊಡುವ ಕಚೇರಿ ಡಿಜಿಟಲ್ ಪತ್ರ ಒಪ್ಪುತ್ತದೆಯೇ ಅಂತ ಮೊದಲೇ ವಿಚಾರಿಸಿ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಕೂಡ ಮನೆಗೇ ಬಂದು ಇದನ್ನು ಮಾಡಿಕೊಡುತ್ತಾರೆ. ಅವರಿದ್ದರೆ ಅವರನ್ನೇ ಕರೆಸಿಕೊಡಿ. ಅವರ ಜೊತೆ ಪೈಪೋಟಿಗೆ ಇಳಿಯಬಾರದು.

ಮಾಡಬಾರದ ಕೆಲಸಗಳ ಪಟ್ಟಿಯೂ ಇರಲಿ. ಇಂಜೆಕ್ಷನ್, ಡ್ರಿಪ್, ಮಾತ್ರೆ ಬದಲಿಸುವುದು, ‘ಇದನ್ನು ತಗೊಳ್ಳಿ’ ಅಂತ ಸಲಹೆ ಕೊಡುವುದು ಬೇಡವೇ ಬೇಡ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಅದು ಬೇರೆಯೇ ಉದ್ಯಮ. ಎ.ಟಿ.ಎಂ. ಪಿನ್, ಒ.ಟಿ.ಪಿ. ಕೇಳಬೇಡಿ. ಅವರಾಗಿ ಹೇಳಲು ಬಂದರೂ ತಡೆಯಿರಿ. ಅವರ ಉಯಿಲಿಗೆ, ಜಮೀನು ಪತ್ರಕ್ಕೆ ಸಾಕ್ಷಿ ಹಾಕಬೇಡಿ. ನಗದು ಬೇಕಿದ್ದರೆ ಬ್ಯಾಂಕಿನವರನ್ನೇ ಕೇಳಿ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಬಾಯಿಮಾತಿಗೆ ಯಾರೂ ಹೊರಡುವುದಿಲ್ಲ.

ಹೆಜ್ಜೆ 3: ಬಚ್ಚಲಿನಿಂದ ಶುರು ಮಾಡಿ

ಹಿರಿಯರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಅಲ್ಲಿಂದ ಮುಂದೆ ಬಹಳ ಮಂದಿ ಮೊದಲಿನಂತೆ ಓಡಾಡುವುದೇ ಇಲ್ಲ. ಆಸ್ಪತ್ರೆಯ ಖರ್ಚಿನ ಮುಂದೆ ಒಂದು ಹಿಡಿಕೆಯ ಖರ್ಚು ಏನೇನೂ ಅಲ್ಲ. ಹಾಗಿದ್ದರೂ ನಮ್ಮ ಮನೆಗಳಲ್ಲಿ ಇದನ್ನು ಮಾಡಿಸಿದವರು ಕಡಿಮೆ.

ಹಳೇ ಮನೆಯ ಬಚ್ಚಲನ್ನು ಒಮ್ಮೆ ಗಮನಿಸಿ ನೋಡಿ. ಅದು ಮನೆಯ ಹಿಂದೆ, ಒಂದು ಮೆಟ್ಟಿಲು ಕೆಳಗೆ ಇರುತ್ತದೆ. ಹೊಸ್ತಿಲು ಎತ್ತರ. ನೆಲಕ್ಕೆ ನಯವಾದ ಕಲ್ಲು ಅಥವಾ ಸಿಮೆಂಟು, ಮಳೆಗಾಲದಲ್ಲಿ ಪಾಚಿ. ಮೂಲೆಯಲ್ಲಿ ಹಂಡೆ. ಬಿಸಿನೀರು ತೋಡಲು ಬಗ್ಗಬೇಕು. ಬಗ್ಗಿ ಏಳುವಾಗ ತಲೆ ಸುತ್ತುತ್ತದೆ. ಹಿಡಿದುಕೊಳ್ಳಲು ಇರುವುದು ಟವೆಲ್ ಹಾಕುವ ಕಂಬಿ, ಅದು ಕೈಗೆ ಕಿತ್ತು ಬರುತ್ತದೆ. ಬೆಳಕು ಒಂದೇ ಸಣ್ಣ ಬಲ್ಬ್, ಅದರ ಸ್ವಿಚ್ ಒಳಗಡೆ.

ಕೆಲಸ ಹೀಗೆ ಮಾಡಿ. ಮೊದಲು ಅವರು ಹೇಗೆ ಓಡಾಡುತ್ತಾರೆ ಅಂತ ನೋಡಿ. ಮಂಚದಿಂದ ಎದ್ದು ಬಚ್ಚಲಿನ ತನಕ ನಡೆದು ತೋರಿಸಲು ಕೇಳಿ. ದಾರಿಯಲ್ಲಿ ಎಲ್ಲೆಲ್ಲಿ ಕೈ ಗೋಡೆಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹಿಡಿಕೆ ಬರಬೇಕಾದ ಜಾಗ ಅದೇ. ನಿಮ್ಮ ಎತ್ತರಕ್ಕೆ ತಕ್ಕಂತೆ ಹಾಕಿದರೆ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಿಡಿಕೆಗೆ ಇನ್ನೊಂದು ಸಮಸ್ಯೆ ಇದೆ. ಹಳೆಯ ಮನೆಗಳ ಗೋಡೆ ಮಣ್ಣಿನದು. ಅಂಗಡಿಯಲ್ಲಿ ಸಿಗುವ ಸ್ಟೀಲ್ ಹಿಡಿಕೆಯ ಸ್ಕ್ರೂ ಅದರಲ್ಲಿ ನಿಲ್ಲುವುದಿಲ್ಲ. ಕೂತಂತೆ ಕಾಣುತ್ತದೆ, ಭಾರ ಬಿದ್ದ ದಿನ ಮಣ್ಣು ಸಮೇತ ಬರುತ್ತದೆ. ಇಂಥ ಕಡೆ ನೆಲ ಅಗೆದು ಕಾಂಕ್ರೀಟ್ ಹಾಕಿ ಜಿ.ಐ. ಪೈಪು ನಿಲ್ಲಿಸಬೇಕು. ಇಲ್ಲವೇ ಗೋಡೆಯ ಆಚೆ ಕಡೆ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಬೇಕು. ಊರಿನ ವೆಲ್ಡಿಂಗ್ ಶಾಪಿನವರಿಗೆ, ಗಾರೆಯವರಿಗೆ ಒಂದು ಸಲ ತೋರಿಸಿಕೊಟ್ಟರೆ ಸಾಕು, ಚೆನ್ನಾಗಿ ಮಾಡುತ್ತಾರೆ. ಮಾಡಿಸಿದ ಮೇಲೆ ನಿಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ, ಆಮೇಲೆ ಅವರಿಗೆ ಬಿಟ್ಟುಕೊಡಿ. ಕೆಲವರು ಇಂಥದ್ದಕ್ಕೆಲ್ಲ ನಾವೀನ್ಯ ಅಂತ ಹೆಸರು ಕೊಡಲು ಹಿಂಜರಿಯುತ್ತಾರೆ. ಮಣ್ಣಿನ ಗೋಡೆಗೆ ಹೊಂದುವ ಹಿಡಿಕೆಯನ್ನು ಸರಿಯಾಗಿ ರೂಪಿಸಿ ಹತ್ತು ತಾಲ್ಲೂಕಿಗೆ ಮಾರಿದರೆ ಅದಕ್ಕಿಂತ ದೊಡ್ಡ ನಾವೀನ್ಯ ಈ ಭಾಗಕ್ಕೆ ಇನ್ಯಾವುದು ಬೇಕು?

ಉಳಿದದ್ದು ಸುಲಭ. ಹಂಡೆಯ ಪಕ್ಕ ಬಕೆಟ್ ಇಡಲು ಮೊಣಕಾಲೆತ್ತರದ ಕಟ್ಟೆ. ಕೂತು ಸ್ನಾನ ಮಾಡಲು ಜಾರದ, ಗಟ್ಟಿ ಕಾಲಿನ ಸ್ಟೂಲು. ಸ್ವಿಚ್ ಹೊರಗೆ. ಕರೆಂಟ್ ಹೋದಾಗ ತಾನಾಗಿ ಹೊತ್ತಿಕೊಳ್ಳುವ ಚಾರ್ಜಿಂಗ್ ಬಲ್ಬ್. ಮಂಚದ ಹತ್ತಿರ ಟಾರ್ಚು. ನಡೆಯುವ ದಾರಿಯ ಮಡಚಿದ ಚಾಪೆ, ಕಾಲೊರೆಸುವ ಗೋಣಿ ತೆಗೆದುಬಿಡಿ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಒಳಗೆ ಬಿದ್ದಾಗ ಬಾಗಿಲು ಒಡೆಯುವ ಹೊತ್ತು ಉಳಿಯುತ್ತದೆ.

ಹೆಜ್ಜೆ 4: ಲೆಕ್ಕ ಹಾಕಿ

ಒಂದು ಉದಾಹರಣೆ ಲೆಕ್ಕ ನೋಡೋಣ. 20 ಮನೆ, ತಿಂಗಳಿಗೆ ಮನೆಗೆ 1,500 ರೂಪಾಯಿ ಅಂದರೆ 30,000. ವಾರಕ್ಕೊಂದು ಭೇಟಿಯಂತೆ ತಿಂಗಳಿಗೆ ಸುಮಾರು 80 ಭೇಟಿ, ದಿನಕ್ಕೆ ನಾಲ್ಕು. ದಿನಕ್ಕೆ 40 ಕಿಲೋಮೀಟರ್ ಓಡಾಟ ಹಿಡಿದರೆ ಪೆಟ್ರೋಲಿಗೆ 2,000. ಬೈಕ್ ರಿಪೇರಿ, ಫೋನ್, ಮಳೆಕೋಟು, ಚೀಟಿ ಪುಸ್ತಕ ಎಲ್ಲ ಸೇರಿ ಇನ್ನೊಂದು 4,000. ಉಳಿಯುವುದು 24,000. ನೀವೇ ಓಡಾಡಿದರೆ ಇದು ನಿಮ್ಮ ಸಂಬಳ. ಒಬ್ಬರನ್ನು ಕೆಲಸಕ್ಕೆ ಇಟ್ಟು ಮಾಡಿಸುತ್ತೇನೆ ಅಂದರೆ 20 ಮನೆಯಲ್ಲಿ ಏನೂ ಉಳಿಯುವುದಿಲ್ಲ. ಲಾಭ ಬರುವುದು ಆಸ್ಪತ್ರೆಗೆ ಜೊತೆ ಹೋಗುವ ದಿನಗಳಿಂದ ಮತ್ತು ಬಚ್ಚಲಿನ ಕೆಲಸದಿಂದ. ನಿಮ್ಮ ಕಡೆಯ ಕೂಲಿ, ಪೆಟ್ರೋಲ್ ದರ ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಿ. ಗಿಟ್ಟದಿದ್ದರೆ ದರ ಏರಿಸಿ, ಭೇಟಿ ಕಡಿಮೆ ಮಾಡಬೇಡಿ.

ತಿಂಗಳ ಮೊದಲ ವಾರವೇ ದುಡ್ಡು ಬರಲಿ, ಮಕ್ಕಳ ಖಾತೆಯಿಂದ ನೇರವಾಗಿ. ಹಿರಿಯರ ಕೈಯಿಂದ ವಸೂಲಿ ಬೇಡ. ಸಾಮಾನಿನ ದುಡ್ಡು ಬೇರೆ, ಸೇವೆಯ ದುಡ್ಡು ಬೇರೆ. ಪ್ರತಿ ಸಾಮಾನಿನ ಬಿಲ್ ಅವರ ಕೈಗೇ ಕೊಡಿ. ಮೆಡಿಕಲ್ ಶಾಪಿನಿಂದ, ಲ್ಯಾಬಿನಿಂದ ಕಮಿಷನ್ ಕೇಳಬೇಡಿ. ಸಣ್ಣ ಊರಲ್ಲಿ ಆ ಸುದ್ದಿ ಒಂದು ವಾರವೂ ಮುಚ್ಚಿಡಲು ಆಗದು.

ದುಡ್ಡು ಕೊಡಲಾಗದ ಮನೆಗಳೂ ಅದೇ ರಸ್ತೆಯಲ್ಲಿ ಇರುತ್ತವೆ. ಮಕ್ಕಳಿಲ್ಲದವರು, ಸರ್ಕಾರ ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಹಣದಲ್ಲೇ ಬದುಕುವವರು. ಹತ್ತು ಮನೆಗೆ ಒಂದರಂತೆ ಅಂಥವರನ್ನೂ ದಾರಿಯಲ್ಲಿ ಸೇರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಹೇಗೂ ಆ ಬಾಗಿಲ ಮುಂದೆಯೇ ಹಾದು ಹೋಗುತ್ತೀರಿ, ಅಲ್ವಾ?

ಹೆಜ್ಜೆ 5: ಯಾರಿಗೆ ಏನು ಹೇಳಬೇಕು, ಮೊದಲೇ ಮಾತಾಡಿಕೊಳ್ಳಿ

ಕಷ್ಟದ ಜಾಗ ಇದು. ಮಗ ಫೋನ್ ಮಾಡಿ ಕೇಳುತ್ತಾನೆ, ‘ಅಮ್ಮ ಏನೇನು ತಿಂತಾರೆ, ಯಾರ್ಯಾರು ಬರ್ತಾರೆ, ಎಲ್ಲ ಹೇಳಿ.’ ಅಮ್ಮ ನಿಮ್ಮ ಹತ್ತಿರ ಹೇಳುತ್ತಾರೆ, ‘ಮೊನ್ನೆ ಅಂಗಳದಲ್ಲಿ ಜಾರಿದೆ, ಅವನಿಗೆ ಹೇಳಬೇಡ ಮಾರಾಯ, ಬೆಂಗಳೂರಿಗೆ ಎಳಕೊಂಡು ಹೋಗ್ತಾನೆ.’ ಇಬ್ಬರ ಮಾತೂ ಪ್ರೀತಿಯದ್ದೇ. ನಡುವೆ ನಿಂತವರು ನೀವು.

ಅದಕ್ಕೇ ಶುರುವಿನಲ್ಲೇ ಒಂದು ಹಾಳೆಯ ಒಪ್ಪಂದ ಮಾಡಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮೊದಲ ಸಹಿ ಹಿರಿಯರದು, ಆಮೇಲೆ ಮಕ್ಕಳದು. ಅದರಲ್ಲಿ ಇರಬೇಕಾದವು: ಬರುವ ದಿನ ಮತ್ತು ಹೊತ್ತು, ಮಾಡುವ ಕೆಲಸ, ಮಾಡದ ಕೆಲಸ, ದರ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ತುರ್ತಿಗೆ ಯಾವ ನೆರೆಯವರನ್ನು ಕರೆಯಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳಿಗೆ ಯಾವ ವಿಷಯ ಹೋಗುತ್ತದೆ ಅನ್ನುವುದೂ ಅಲ್ಲೇ ಇರಲಿ. ಬಿದ್ದದ್ದು, ಪ್ರಜ್ಞೆ ತಪ್ಪಿದ್ದು, ಎರಡು ದಿನ ಮಾತ್ರೆ ಬಿಟ್ಟದ್ದು ಖಂಡಿತ ಹೋಗುತ್ತದೆ. ಮನೆಗೆ ಯಾರು ಬಂದರು, ಯಾರಿಗೆ ದುಡ್ಡು ಕೊಟ್ಟರು ಅನ್ನುವುದು ಹೋಗುವುದಿಲ್ಲ. ಫೋಟೋ ತೆಗೆಯುವ ಮುಂಚೆ ಪ್ರತಿ ಸಲ ಕೇಳಿ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ಕಾಯ್ದೆ ಇರದಿದ್ದರೂ ಇದು ಮರ್ಯಾದೆಯ ವಿಷಯ.

ಭೇಟಿ ಮುಗಿದ ಮೇಲೆ ಮಕ್ಕಳಿಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ. ಹೀಗಿದ್ದರೆ ಸಾಕು:

‘ಮಂಗಳವಾರ ಬೆಳಿಗ್ಗೆ ಹತ್ತೂವರೆ. ಅಮ್ಮ ಜಗಲಿಯಲ್ಲಿ ಕೂತಿದ್ದರು. ಬಿ.ಪಿ. ಮಾತ್ರೆ ಇನ್ನು 9 ದಿನಕ್ಕಿದೆ, ಮುಂದಿನ ವಾರ ತರುತ್ತೇನೆ. ಎಡಗಾಲಿನ ಮಂಡಿ ನೋವು ಹೋದ ವಾರಕ್ಕಿಂತ ಜಾಸ್ತಿ ಅಂದರು. ಬಚ್ಚಲಿನ ಬಲ್ಬ್ ಬದಲಿಸಿದೆ. ಗ್ಯಾಸ್ ಬುಕ್ ಆಗಿದೆ. ರಾತ್ರಿ ನಿಮ್ಮ ಫೋನ್ ಬರಲಿ ಅಂದಿದ್ದಾರೆ.’

ಕಳಿಸುವ ಮುಂಚೆ ಇದನ್ನು ಅಮ್ಮನ ಎದುರಿಗೇ ಗಟ್ಟಿಯಾಗಿ ಓದಿ. ಅವರು ‘ಮಂಡಿ ನೋವು ಬರೀಬೇಡ’ ಅಂದರೆ ಯಾಕೆ ಬರೆಯಬೇಕು ಅಂತ ಹೇಳಿ ಒಪ್ಪಿಸಿ. ಬೆನ್ನ ಹಿಂದೆ ಬರೆಯಬೇಡಿ. ತನ್ನ ಬಗ್ಗೆ ಏನು ಹೋಗುತ್ತಿದೆ ಅಂತ ಗೊತ್ತಿದ್ದರೆ ಅವರು ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ.

ಕರೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಅಮ್ಮ, ಅಜ್ಜ, ದೊಡ್ಡಮ್ಮ, ಮೇಷ್ಟ್ರೇ, ಅವರು ಊರಲ್ಲಿ ಯಾವ ಹೆಸರಿಗೆ ಒಗ್ಗಿದ್ದಾರೋ ಅದೇ ಇರಲಿ. ಸಣ್ಣ ಮಕ್ಕಳ ಹತ್ತಿರ ಮಾತಾಡುವ ಧಾಟಿ ಮಾತ್ರ ಬೇಡ. ನಲವತ್ತು ವರ್ಷ ತೋಟ ಆಳಿದವರು ಅವರು.

ಹೆಜ್ಜೆ 6: ಜೊತೆಗಾರರು

ಮನೆಗಳು ಹೆಚ್ಚಾದಾಗ ಅದೇ ರಸ್ತೆಯ ಊರಿನವರನ್ನೇ ಸೇರಿಸಿಕೊಳ್ಳಿ. ಮಕ್ಕಳು ಶಾಲೆಗೆ ಹೋದಮೇಲೆ ನಾಲ್ಕು ಗಂಟೆ ಬಿಡುವಿರುವ, ಸ್ಕೂಟಿ ಓಡಿಸುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಹಳ ಸೂಕ್ತ. ಪೊಲೀಸ್ ಪರಿಶೀಲನೆ ಮಾಡಿಸಿ. ಮೊದಲ ನಾಲ್ಕು ಭೇಟಿಗೆ ನೀವು ಜೊತೆಯಲ್ಲಿ ಹೋಗಿ. ಒಂದು ಮನೆಗೆ ಒಂದೇ ಮುಖ ಹೋಗಲಿ. ವಾರಕ್ಕೊಬ್ಬರನ್ನು ಕಳಿಸಿದರೆ ಯಾರ ಮೇಲೂ ಸಲುಗೆ ಬರುವುದಿಲ್ಲ.

ತರಬೇತಿಗೆ ದಾರಿಗಳಿವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಆರೈಕೆ ಮಾಡುವುದರ ಬಗ್ಗೆ ಸರ್ಟಿಫಿಕೇಟ್ ಕೋರ್ಸ್ ಇದೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ವೃದ್ಧರ ಆರೈಕೆಗೆ ತರಬೇತಿಯ ಭಾಗವಿದೆ. ಕೋರ್ಸ್ ಮಾಡುವ ಮುಂಚೆಯೂ ಎಲ್ಲರಿಗೂ ಗೊತ್ತಿರಬೇಕಾದ ಎರಡು ವಿಷಯ ಹೇಳುತ್ತೇನೆ. ಬಿದ್ದವರನ್ನು ಕಂಡ ಕೂಡಲೇ ರಟ್ಟೆ ಹಿಡಿದು ಎತ್ತಬಾರದು. ಮೊದಲು ಮಾತಾಡಿಸಿ, ಎಲ್ಲಿ ನೋವು ಕೇಳಿ, ಸೊಂಟ ಅಥವಾ ಕುತ್ತಿಗೆ ನೋವು ಅಂದರೆ ಹಾಗೇ ಬಿಟ್ಟು 108ಕ್ಕೆ ಕರೆ ಮಾಡಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಎಣ್ಣೆ ಹಚ್ಚುತ್ತಾ ಕೂರದೆ, ಲಕ್ಷಣ ಶುರುವಾದ ಹೊತ್ತನ್ನು ಬರೆದುಕೊಂಡು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು.

ಹೆಜ್ಜೆ 7: ಕಾಗದಪತ್ರ, ಸಾಲ

ಇದು ಅಂಥ ಕಷ್ಟ ಏನಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ‘ಉದ್ಯಮ್’ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಕಚೇರಿ ಮಾಡಿದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿ.ಎಸ್.ಟಿ. ಬೇಕಾಗುವುದಿಲ್ಲ. ಸಾಲ ಬೇಕಿದ್ದರೆ ಮುದ್ರಾ ಸಾಲ ಯೋಜನೆಯಲ್ಲಿ ‘ಶಿಶು’ ಹಂತಕ್ಕೆ 50,000ದವರೆಗೆ, ‘ಕಿಶೋರ’ ಹಂತಕ್ಕೆ 5 ಲಕ್ಷದವರೆಗೆ. ಆದರೆ ಮೊದಲ ಹತ್ತು ಮನೆ ಸಿಗುವ ಮುಂಚೆ ಸಾಲ ಮಾಡಬೇಡಿ. ಈ ಕೆಲಸ ಶುರು ಮಾಡಲು ಅಷ್ಟು ಬಂಡವಾಳವೇ ಬೇಡ.

ಹಿಡಿಕೆಯಂಥ ವಸ್ತು ಮಾಡಿ ಬೆಳೆಯಬೇಕು ಅಂದಾಗ ದೊಡ್ಡ ಯೋಜನೆಗಳ ಕಡೆ ನೋಡಿ. ಹಿರಿಯರ ಆರೈಕೆಯ ಉದ್ಯಮಗಳಿಗಾಗಿಯೇ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2021ರ ಜೂನ್‌ನಲ್ಲಿ ‘ಸೇಜ್’ ಯೋಜನೆ ತಂದಿತು. ಆಯ್ಕೆಯಾದ ಉದ್ಯಮದಲ್ಲಿ 1 ಕೋಟಿ ರೂಪಾಯಿವರೆಗೆ ಪಾಲು ಬಂಡವಾಳ ಹಾಕುವುದು, ಸರ್ಕಾರದ ಪಾಲು ಶೇ. 49 ಮೀರದಂತೆ ನೋಡಿಕೊಳ್ಳುವುದು ಅದರ ರೀತಿ. ರಾಜ್ಯದಲ್ಲಿ ‘ಎಲಿವೇಟ್’ ಮೂಲಕ ಹೊಸ ಉದ್ಯಮಗಳಿಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಭೇಟಿ ಪುಸ್ತಕವೇ ದೊಡ್ಡ ದಾಖಲೆ.

ಹೆಜ್ಜೆ 8: ತಂತ್ರಜ್ಞಾನ, ಬೇಕಾದಷ್ಟೇ

ಜಪಾನಿನ ಜೊಜಿರುಶಿ ಕಂಪನಿ 2001ರಲ್ಲಿ ಒಂದು ಸೇವೆ ತಂದಿತು. ಚಹಾಕ್ಕೆ ನೀರು ಕಾಯಿಸುವ ಎಲೆಕ್ಟ್ರಿಕ್ ಪಾತ್ರೆ. ಅಜ್ಜಿ ಅದನ್ನು ಬಳಸಿದರೆ ದೂರದ ಮಗನಿಗೆ ಇಮೇಲ್ ಹೋಗುತ್ತದೆ. ಕ್ಯಾಮೆರಾ ಇಲ್ಲ, ಕೊರಳಿಗೆ ತುರ್ತು ಬಟನ್ ಕಟ್ಟಿಕೊಳ್ಳುವುದಿಲ್ಲ. ಅಜ್ಜಿ ಹೊಸದಾಗಿ ಕಲಿಯಬೇಕಾದ್ದೂ ಇಲ್ಲ. ದಿನಾ ಹೇಗೂ ಮಾಡುವ ಕೆಲಸವೇ ‘ಚೆನ್ನಾಗಿದ್ದೇನೆ’ ಅನ್ನುವ ಸುದ್ದಿ ಆಯಿತು. ಹಿರಿಯರಿಗಾಗಿ ಏನಾದರೂ ಹೊಸತು ಮಾಡಬೇಕು ಅನ್ನುವವರು ಈ ಯೋಚನೆಯನ್ನು ಚೆನ್ನಾಗಿ ಗಮನಿಸಬೇಕು.

ನಮ್ಮ ಮನೆಗಳಲ್ಲೂ ಇಂಥ ಗುರುತುಗಳಿವೆ. ಪೇಟೆಯ ಮನೆಗಳ ಗೇಟಿಗೆ ಬೆಳಿಗ್ಗೆ ನಂದಿನಿ ಹಾಲಿನ ಚೀಲ ನೇತಾಡುತ್ತದೆ. ಎಂಟೂವರೆಯಾದರೂ ಪ್ಯಾಕೆಟ್ ಒಳಗೆ ಹೋಗಿಲ್ಲ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಪೇಪರ್ ಹಾಕುವ ಹುಡುಗನ ಹತ್ತಿರ ಮಾತಾಡಿಟ್ಟುಕೊಳ್ಳಿ, ಹಾಗೆ ಕಂಡರೆ ನಿಮಗೊಂದು ಫೋನ್ ಮಾಡಲಿ. ಅವನಿಗೆ ತಿಂಗಳಿಗೆ ಇಷ್ಟು ಅಂತ ಕೊಡಿ. ಹಳ್ಳಿಯಲ್ಲಾದರೆ ಡೈರಿಗೆ ಹಾಲು ಬಂತೇ, ಬಚ್ಚಲೊಲೆಯ ಹೊಗೆ ಕಂಡಿತೇ ಅಂತ ನೋಡುವ ನೆರೆಯವರಿದ್ದಾರೆ. ಆ್ಯಪ್ ಮಾಡಿಸುವ ದುಡ್ಡಿದ್ದರೆ ಮೊದಲು ಇಂಥ ಹತ್ತು ಜನರ ಸರಪಳಿ ಕಟ್ಟಿ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತಾಗ ಕೆಲಸ ಮಾಡುವುದು ಅದೊಂದೇ.

ಫೋನಿನ ಮೋಸದ ಬಗ್ಗೆ ಪ್ರತಿ ಭೇಟಿಯಲ್ಲೂ ಎರಡು ಮಾತು ಆಡಿ. ಪೊಲೀಸರ ಹೆಸರಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರದ ಗೋಡೆಗೆ ಅಂಟಿಸಿ.

ಕೆಲವು ಮನೆಗಳಲ್ಲಿ ಬೇರೆ ಥರದ ಕಷ್ಟ ಕಾಣುತ್ತದೆ. ಹೊಟ್ಟೆಗೆ ಸರಿಯಾಗಿ ಹಾಕದಿರುವುದು, ಹೆದರಿಸಿ ಸಹಿ ಹಾಕಿಸುವುದು. ಅದು ಕಂಡರೆ ಸುಮ್ನೆ ಇರಬೇಡಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನು ರದ್ದು ಮಾಡಿಸಲೂ ಅದರ 23ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಹಿರಿಯರು ಒಪ್ಪಿದರೆ ಅರ್ಜಿ ಬರೆಯಲು ಸಹಾಯ ಮಾಡಿ. ಒಪ್ಪದಿದ್ದರೆ ಭೇಟಿ ನಿಲ್ಲಿಸಬೇಡಿ.

ಯಾವಾಗ ಶುರು ಮಾಡಬೇಕು?

ಮಲೆನಾಡಿನಲ್ಲಿ ಸೆಪ್ಟೆಂಬರ್ ಕೊನೆ ಒಳ್ಳೆಯದು. ಮಳೆ ಕಡಿಮೆಯಾಗಿ ರಸ್ತೆ ಕಾಣುತ್ತದೆ. ಅಕ್ಟೋಬರಿನಲ್ಲಿ ಮನೆಗಳನ್ನು ನೋಡಿ ಮುಗಿಸಿ. ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರದ ನೆಪದಲ್ಲಿ ಪಿಂಚಣಿಯವರ ಮನೆಗಳ ಪರಿಚಯ ಆಗುತ್ತದೆ. ದೀಪಾವಳಿಗೆ, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮಕ್ಕಳು ಊರಿಗೆ ಬಂದಿರುತ್ತಾರೆ. ಆಗ ಅಪ್ಪ ಅಮ್ಮನ ಜೊತೆ ಕೂರಿಸಿಯೇ ಒಪ್ಪಂದ ಮಾತಾಡಿ. ಬೇಸಿಗೆಯಲ್ಲಿ ಬಚ್ಚಲಿನ ಕೆಲಸ ಮಾಡಿಸಿ, ಗಾರೆ ಚೆನ್ನಾಗಿ ಒಣಗುತ್ತದೆ. ಮೇ ಕೊನೆಯ ಭೇಟಿಯಲ್ಲಿ ಪ್ರತಿ ಮನೆಗೂ ಮೂರು ವಾರದ ಮಾತ್ರೆ ಮುಂಗಡ ತಂದಿಡಿ, ಚಾರ್ಜಿಂಗ್ ಬಲ್ಬ್ ಹೊತ್ತುತ್ತದೆಯೇ ನೋಡಿ, ಯಾವ ಮನೆಯ ದಾರಿಗೆ ಹಳ್ಳ ಅಡ್ಡ ಬರುತ್ತದೆ ಅಂತ ಪುಸ್ತಕದಲ್ಲಿ ಗುರುತು ಹಾಕಿ. ಆ ಮನೆಗಳಿಗೆ ಮಳೆಗಾಲ ಪೂರ್ತಿ ದಾಟಿ ಹೋಗಬಲ್ಲ ಆಚೆ ದಡದವರೊಬ್ಬರನ್ನು ಈಗಲೇ ಗೊತ್ತು ಮಾಡಿ, ಬೀಗದ ಕೈ ಯಾರಿಗೆ ಕೊಡಬೇಕೆಂದು ಮನೆಯವರನ್ನೇ ಕೇಳಿ.